ಸೆಕೆಯಲ್ಲಿ ಕ್ರಿಸ್‌ಮಸ್: ಪುಟ್ಟ ಮಕ್ಕಳ ಜೊತೆ ಹಬ್ಬ ಮಾಡುವುದು ಹೇಗೆ?

ಡಿಸೆಂಬರ್ ಮೂರನೇ ವಾರ ಬಂತೆಂದರೆ ಆಸ್ಟ್ರೇಲಿಯಾದ ಶಾಲೆಗಳಿಗೆ ಬೇಸಿಗೆ ರಜೆ. 22ನೇ ತಾರೀಕಿನ ಆಸುಪಾಸು ಇಲ್ಲಿ ವರ್ಷದ ಅತಿ ಉದ್ದದ ಹಗಲು. ಅದಾಗಿ ಮೂರೇ ದಿನಕ್ಕೆ ಕ್ರಿಸ್‌ಮಸ್. ಮೆಲ್ಬರ್ನ್‌ನಲ್ಲಿ ಅವತ್ತು ಸೂರ್ಯ ಮುಳುಗುವಾಗ ರಾತ್ರಿ ಎಂಟೂ ಮುಕ್ಕಾಲು ಆಗುತ್ತ ಬಂದಿರುತ್ತದೆ. ಬಿಸಿಲು 22 ಡಿಗ್ರಿ ಇರಬಹುದು, 38 ಕೂಡ ಇರಬಹುದು. ಅಂಗಡಿಗಳಲ್ಲಿ ಮಾತ್ರ ಹತ್ತಿಯ ಹಿಮ, ಉಣ್ಣೆ ಬಟ್ಟೆಯ ಸಾಂಟಾ. "ಅಮ್ಮಾ, ಸಾಂಟಾಗೆ ಸೆಕೆ ಆಗಲ್ವಾ?" ಅಂತ ಮಕ್ಕಳು ಕೇಳುವುದು ಸಹಜವೇ.

ಮಂಗಳೂರು, ಉಡುಪಿ, ಬೆಂಗಳೂರಿನಿಂದ ಬಂದು ಇಲ್ಲಿ ನೆಲೆಸಿದ ಎಷ್ಟೋ ಕುಟುಂಬಗಳು ಮೊದಲ ವರ್ಷ ಒಂದೇ ಥರ ಸುಸ್ತಾಗುತ್ತವೆ. ಮಧ್ಯಾಹ್ನ ಹನ್ನೆರಡಕ್ಕೆ ನೆಂಟರನ್ನು ಕರೆಯುತ್ತಾರೆ. ಓವನ್ ಬೆಳಗ್ಗೆಯಿಂದ ಉರಿಯುತ್ತಿರುತ್ತದೆ. ಮಕ್ಕಳು ಹೊಸ ಬಟ್ಟೆಯಲ್ಲಿ ಬೆವೆತು, ಮೂರು ಗಂಟೆಗೆಲ್ಲ ಅಳು. ಹಬ್ಬದ ಯಾವುದನ್ನೂ ಬಿಡಬೇಕಿಲ್ಲ, ಹೊತ್ತು ಬದಲಿಸಿದರೆ ಸಾಕು. ಅರ್ಧ ಹಬ್ಬ ಬೆಳಗ್ಗೆ ಹತ್ತರೊಳಗೆ, ಇನ್ನರ್ಧ ಸಂಜೆ ಐದರ ಮೇಲೆ. ನಡುವಿನ ಹೊತ್ತು ಮನೆಯೊಳಗೆ, ನೆರಳಲ್ಲಿ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಗಿಡ ತರುವುದು, ಗೋದಲಿ ಕಟ್ಟುವುದು

ಇಲ್ಲಿ ಕ್ರಿಸ್‌ಮಸ್ ಗಿಡವಾಗಿ ಹೆಚ್ಚಾಗಿ ಸಿಗುವುದು ರೇಡಿಯಾಟಾ ಪೈನ್. ನಿಜವಾದ ಗಿಡವೇ ಬೇಕು ಅಂದರೆ ಡಿಸೆಂಬರ್ ಶುರುವಿನಲ್ಲೇ ತರಬೇಡಿ. ಈ ಸೆಕೆಗೆ ಹಬ್ಬದ ಹೊತ್ತಿಗೆ ಒಣಗಿ, ಮುಟ್ಟಿದರೆ ಸೂಜಿ ಎಲೆ ಉದುರುತ್ತದೆ. ತಿಂಗಳ ನಡುವೆ ತನ್ನಿ. ಬುಡದಲ್ಲಿ ಎರಡು ಮೂರು ಸೆಂಟಿಮೀಟರ್ ಹೊಸದಾಗಿ ಕತ್ತರಿಸಿ, ಕೂಡಲೇ ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ. ಮೊದಲ ದಿನ ಅದು ಕುಡಿಯುವ ನೀರು ನೋಡಿದರೆ ಆಶ್ಚರ್ಯವಾಗುತ್ತದೆ. ದಿನಾ ಬೆಳಗ್ಗೆ ಗಿಡಕ್ಕೆ ನೀರು ಹಾಕುವ ಕೆಲಸ ಮನೆಯ ಪುಟ್ಟ ಮಗುವಿಗೆ ಕೊಡಿ. ಬಿಸಿಲು ಬೀಳುವ ಕಿಟಕಿಯ ಹತ್ತಿರ ಬೇಡ.

ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಗೆ ಹತ್ತಿಯ ಹಿಮ ಯಾಕೆ ಬೇಕು? ಮನೆಯ ಅಂಗಳದಲ್ಲೇ ಬಿದ್ದಿರುವ ನೀಲಗಿರಿ ತೊಗಟೆ, ಒಣ ಹುಲ್ಲು, ಬೀಚಿನ ಮರಳು ಸಾಕು. ಸಿಡ್ನಿ ಕಡೆ ಡಿಸೆಂಬರ್‌ನಲ್ಲಿ ಕೆಂಪಾಗುವ ಒಂದು ಗಿಡವಿದೆ, ಹೆಸರೇ ಕ್ರಿಸ್‌ಮಸ್ ಬುಷ್. ನೋಡಲು ಹೂವಿನಂತಿದ್ದರೂ ಆ ಕೆಂಪು ಹೂವಿನ ದಳದ್ದಲ್ಲ. ಬಿಳಿ ಹೂವು ಉದುರಿದ ಮೇಲೆ ಅದರ ಪುಷ್ಪಪತ್ರಗಳು ಬೆಳೆದು ಕೆಂಪಾಗುತ್ತವೆ. ಅದರ ಎರಡು ಗೆಲ್ಲು ಇಟ್ಟರೆ ಗೋದಲಿ ತುಂಬಿ ಕಾಣುತ್ತದೆ. ಮೇಣದ ಬತ್ತಿ ಮಾತ್ರ ಬೇಡ. ಮೇಣ ಸೆಕೆಗೆ ಮೆತ್ತಗಾಗಿ ಬಗ್ಗುತ್ತದೆ, ಒಣ ಹುಲ್ಲಿನ ಪಕ್ಕ ಬೆಂಕಿಯೂ ಅಪಾಯ.

ಕುಸ್ವಾರ್ ಮಾಡುವ ದಿನ

ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಕುಸ್ವಾರ್, ಅಂದರೆ ಬಗೆಬಗೆಯ ಹಬ್ಬದ ತಿಂಡಿಗಳು, ಬೇಕೇ ಬೇಕು. ಅಚ್ಚರಿಯ ವಿಷಯ ಅಂದರೆ ಸೆಕೆಯ ಊರಿಗೆ ಇದಕ್ಕಿಂತ ಒಳ್ಳೆಯ ಹಬ್ಬದ ತಿಂಡಿ ಇಲ್ಲ. ಕ್ರೀಮ್ ಕೇಕು ಒಂದು ಗಂಟೆಯಲ್ಲಿ ಕರಗುತ್ತದೆ. ನೆವ್ರಿ, ಕಿಡಿಯೊ, ತುಕ್ಡಿ, ಚಕ್ಕುಲಿ ಡಬ್ಬದಲ್ಲಿ ವಾರಗಟ್ಟಲೆ ಗರಿಗರಿಯಾಗಿರುತ್ತವೆ. ಮೆಲ್ಬರ್ನ್, ಅಡಿಲೇಡ್‌ನ ಒಣ ಹವೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬ್ರಿಸ್ಬೇನ್, ಡಾರ್ವಿನ್ ಕಡೆ ಗಾಳಿಯಲ್ಲಿ ತೇವ ಜಾಸ್ತಿ, ಅಲ್ಲಿ ಗಾಳಿಯಾಡದ ಡಬ್ಬವೇ ಆಗಬೇಕು.

ಮಕ್ಕಳಿಗೆ ಕಿಡಿಯೊ ಕೆಲಸ ಕೊಡಿ. ಎರಡು ಕಪ್ ಮೈದಾ, ಒಂದು ಮೊಟ್ಟೆ, ಸ್ವಲ್ಪ ಸಕ್ಕರೆ, ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ. ತೆಂಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಚಪಾತಿ ಹಿಟ್ಟಿಗಿಂತ ಸ್ವಲ್ಪ ಮೆತ್ತಗೆ ಕಲಸಿ. ಅರ್ಧ ಗಂಟೆ ಬಿಡಿ. ಈ ಸೆಕೆಗೆ ಹಿಟ್ಟಿನ ಮೇಲ್ಮೈ ಬೇಗ ಒಣಗಿ ಬಿರಿಯುತ್ತದೆ, ಒದ್ದೆ ಬಟ್ಟೆ ಮುಚ್ಚಿಯೇ ಇಡಿ. ಆಮೇಲೆ ಕಡಲೆಕಾಳಿನಷ್ಟು ಉಂಡೆ ಮಾಡಿ, ಫೋರ್ಕಿನ ಹಿಂಬದಿಗೆ ಎಣ್ಣೆ ಸವರಿ, ಹೆಬ್ಬೆರಳಿಂದ ಒತ್ತಿ ಕೆಳಗೆಳೆದರೆ ಗೆರೆಗೆರೆಯಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ನಾಲ್ಕು ವರ್ಷದ ಮಗುವಿನ ಹೆಬ್ಬೆರಳು ಇದಕ್ಕೆ ಸರಿಯಾದ ಅಳತೆ. ಕೆಲವು ಚಪ್ಪಟೆ, ಕೆಲವು ದಪ್ಪ ಆಗುತ್ತವೆ, ಇರಲಿ. ಅವನ್ನು ಬೇರೆ ಮಾಡಿ ಕರಿಯಿರಿ, ಇಲ್ಲದಿದ್ದರೆ ತೆಳುವಾದವು ಸೀದುಹೋಗುತ್ತವೆ. ಕರಿಯುವುದು ರಾತ್ರಿ, ಮಕ್ಕಳು ಮಲಗಿದ ಮೇಲೆ. ಸಕ್ಕರೆ ಪಾಕದಲ್ಲಿ ಹೊರಳಿಸಿ ಒಣಗಲು ಬಿಡಿ.

24ರ ಸಂಜೆ

ನಡುರಾತ್ರಿಯ ಪೂಜೆಗೆ ಪುಟ್ಟ ಮಕ್ಕಳನ್ನು ಎಳೆದುಕೊಂಡು ಹೋಗಬೇಕಿಲ್ಲ. ಇಲ್ಲಿನ ಹೆಚ್ಚಿನ ಚರ್ಚುಗಳಲ್ಲಿ ಸಂಜೆಯೇ ಮಕ್ಕಳಿಗಾಗಿ ಬಲಿಪೂಜೆ ಇರುತ್ತದೆ. ಜರತಾರಿ, ನೈಲಾನ್ ಫ್ರಾಕು ಬಿಟ್ಟು ಹತ್ತಿ ಬಟ್ಟೆ ಹಾಕಿ. ಕಾರು ಬಿಸಿಲಲ್ಲಿ ನಿಂತಿದ್ದರೆ ಮಗುವನ್ನು ಕೂರಿಸುವ ಮೊದಲು ಸೀಟಿನ ಬೆಲ್ಟಿನ ಕಬ್ಬಿಣದ ಕೊಕ್ಕೆ ಮುಟ್ಟಿ ನೋಡಿ. ಅದು ಚರ್ಮ ಸುಡುವಷ್ಟು ಬಿಸಿಯಾಗಿರುತ್ತದೆ. ಮತ್ತೆ, ಒಂದೇ ನಿಮಿಷದ ಕೆಲಸ ಅಂತ ಮಗುವನ್ನು ಕಾರಿನಲ್ಲಿ ಬಿಟ್ಟು ಇಳಿಯಲೇಬಾರದು. ಕಿಟಕಿ ಸ್ವಲ್ಪ ತೆರೆದಿಟ್ಟರೂ ಒಳಗಿನ ಸೆಕೆ ಬೇಗ ಏರುತ್ತದೆ.

ಮೆಲ್ಬರ್ನ್‌ನಲ್ಲಿ ಆ ಸಂಜೆಯ ಕ್ಯಾರಲ್ಸ್ ದೊಡ್ಡ ಸಂಭ್ರಮ. ನಾರ್ಮನ್ ಬ್ಯಾಂಕ್ಸ್ ಎಂಬ ರೇಡಿಯೊ ಉದ್ಘೋಷಕ 1938ರಲ್ಲಿ ಶುರು ಮಾಡಿದ್ದು. ಮೇಣದ ಬತ್ತಿ ಹಿಡಿದು ಬಯಲಲ್ಲಿ ಕುಳಿತು ಹಾಡುವ ಈ ರೂಢಿ ಬೇಸಿಗೆಯ ಕ್ರಿಸ್‌ಮಸ್‌ಗೆ ಹುಟ್ಟಿದ್ದು, ಚಳಿಯ ದೇಶದಲ್ಲಿ ಕಷ್ಟ. ಈಗ ಮೆಲ್ಬರ್ನ್‌ನದೇ ಬಯಲು ರಂಗಮಂದಿರ ಸಿಡ್ನಿ ಮೈಯರ್ ಮ್ಯೂಸಿಕ್ ಬೌಲ್‌ನಲ್ಲಿ ನಡೆಯುತ್ತದೆ, ದೃಷ್ಟಿದೋಷ ಇರುವವರ ನೆರವಿಗೆ ಹಣ ಸೇರುತ್ತದೆ, ಟಿವಿಯಲ್ಲೂ ಬರುತ್ತದೆ. ಆದರೆ ಮೂರು ವರ್ಷದ ಮಗುವಿಗೆ ಅಷ್ಟು ಜನ, ಅಷ್ಟು ಹೊತ್ತು ಕಷ್ಟ. ನಿಮ್ಮ ಬಡಾವಣೆಯ ಪಾರ್ಕಿನಲ್ಲಿ ಡಿಸೆಂಬರ್ ಪೂರ್ತಿ ಒಂದಲ್ಲ ಒಂದು ಚಿಕ್ಕ ಕ್ಯಾರಲ್ಸ್ ಇರುತ್ತದೆ. ಚಾಪೆ, ನೀರು, ಸೊಳ್ಳೆಗೆ ಹಚ್ಚುವ ಕ್ರೀಮು ತೆಗೆದುಕೊಂಡು ಅಲ್ಲಿಗೇ ಹೋಗಿ.

ರಾತ್ರಿ ಸಾಂಟಾನ ಚೀಲ ತುಂಬುವಾಗ ಚಾಕೊಲೇಟ್ ಹಾಕಬೇಡಿ, ಫ್ರಿಜ್ಜಿನಲ್ಲೇ ಇರಲಿ. ಬೆಳಕು, ಸದ್ದು ಬರುವ ಆಟಿಕೆಗಳ ಬ್ಯಾಟರಿ ಮುಚ್ಚಳ ಸ್ಕ್ರೂ ಹಾಕಿ ಬಿಗಿಯಾಗಿದೆಯಾ ನೋಡಿ. ಗುಂಡಿಯಂಥ ಚಪ್ಪಟೆ ಬ್ಯಾಟರಿ ಮಗು ನುಂಗಿದರೆ ಗಂಟಲು ಸುಟ್ಟುಹೋಗುತ್ತದೆ. ಈ ಬ್ಯಾಟರಿಗಳಿಗೇ ಆಸ್ಟ್ರೇಲಿಯಾ 2022ರಿಂದ ಕಡ್ಡಾಯ ಸುರಕ್ಷತಾ ನಿಯಮ ತಂದಿದೆ. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಕಾಯಬೇಡಿ, ಕೂಡಲೇ ವಿಷ ಮಾಹಿತಿ ಕೇಂದ್ರದ 13 11 26ಕ್ಕೆ ಫೋನ್ ಮಾಡಿ. ಉಸಿರಾಡಲು ಕಷ್ಟಪಡುತ್ತಿದ್ದರೆ ತುರ್ತು ಸೇವೆಯ 000.

ಬೆಳಗ್ಗೆ: ಆಟಕ್ಕೆ ಇದೇ ಹೊತ್ತು

ಮಕ್ಕಳು ಹೇಗೂ ಆರಕ್ಕೆ ಏಳುತ್ತಾರೆ. ಎದ್ದ ಕೂಡಲೇ ಉಡುಗೊರೆ ಬಿಚ್ಚಲಿ, ಹೊಸ ಸೈಕಲ್, ಬ್ಯಾಟು ಹಿಡಿದು ಹೊರಗೆ ಹೋಗಲಿ. ಏಳರಿಂದ ಒಂಬತ್ತೂವರೆ ತನಕ ಅಂಗಳ ತಂಪಾಗಿರುತ್ತದೆ. ಹಾಗಂತ ಬಿಸಿಲಿನ ವಿಷಯದಲ್ಲಿ ಸಡಿಲ ಬಿಡುವಂತಿಲ್ಲ. ಸೆಕೆ ಬೇರೆ, ನೇರಳಾತೀತ ಕಿರಣ ಬೇರೆ. ಮೋಡ ಇದ್ದು ತಣ್ಣಗಿರುವ ದಿನವೂ ಯುವಿ ಸೂಚ್ಯಂಕ ಮೇಲಿರಬಹುದು. ಅದು 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಟೋಪಿ, ತೋಳು ಮುಚ್ಚುವ ಅಂಗಿ, ಸನ್‌ಸ್ಕ್ರೀನ್ ಬೇಕು. 1981ರಿಂದ ಇಲ್ಲಿನ ಮಕ್ಕಳಿಗೆಲ್ಲ "ಸ್ಲಿಪ್, ಸ್ಲಾಪ್, ಸ್ಲ್ಯಾಪ್" ಅಂತ ಹಾಡಿ ಕಲಿಸಿದ್ದು ಇದನ್ನೇ. ಹೊರಡುವ 20 ನಿಮಿಷ ಮೊದಲು ಹಚ್ಚಿ, ಎರಡೆರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಿವಿ, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ ಮರೆಯಬೇಡಿ. ಆರು ತಿಂಗಳೊಳಗಿನ ಕೂಸಿಗೆ ಸಾಮಾನ್ಯವಾಗಿ ಸನ್‌ಸ್ಕ್ರೀನ್ ಹೇಳುವುದಿಲ್ಲ. ಅದಕ್ಕೆ ನೆರಳೇ ರಕ್ಷಣೆ. "ನಮ್ಮದು ಕಂದು ಚರ್ಮ, ನಮಗೇನೂ ಆಗಲ್ಲ" ಅನ್ನುವ ಮಾತು ನಮ್ಮವರಲ್ಲಿ ತುಂಬ ಕೇಳುತ್ತೇನೆ. ಬೇಗ ಸುಡದೇ ಇರಬಹುದು, ಆದರೆ ಈ ಕಿರಣ ನಮ್ಮ ಚರ್ಮಕ್ಕೂ ಕಣ್ಣಿಗೂ ಹಾನಿ ಮಾಡುತ್ತದೆ.

ಊಟ: ಹಿಂದಿನ ದಿನವೇ ಮುಗಿಸಿ

ಹಬ್ಬದ ದಿನ ಓವನ್ ಹಚ್ಚದಿದ್ದರೆ ಮನೆ ಅರ್ಧ ತಂಪು. ಇಲ್ಲಿಯವರು ಹ್ಯಾಮ್ ಅನ್ನು ತಣ್ಣಗೇ ಬಡಿಸುತ್ತಾರೆ, ಬೇಯಿಸಿದ ಸೀಗಡಿಯನ್ನು ಮಂಜುಗಡ್ಡೆಯ ಮೇಲೆ ಇಡುತ್ತಾರೆ. ನಮ್ಮ ಮನೆಯಲ್ಲಿ ಹಿಂದಿನ ದಿನ ಮಾಡಿದ ಕೋಳಿ ಸುಕ್ಕ, ಅದರ ಪಕ್ಕ ಸೌತೆಕಾಯಿ ಕೋಸಂಬರಿ, ದಾಳಿಂಬೆ ಹಾಕಿದ ಮೊಸರನ್ನ. ಮಕ್ಕಳು ಮೊದಲು ಖಾಲಿ ಮಾಡುವುದು ಮೊಸರನ್ನವನ್ನೇ. ಸಸ್ಯಾಹಾರಿ ನೆಂಟರಿಗೂ ಅದೇ ಸಲೀಸು. ಸಿಹಿಗೆ ಮಾವಿನ ಹಣ್ಣು! ಊರಲ್ಲಿ ಮಾಮರ ಹೂ ಬಿಡುವುದಕ್ಕೂ ಮೊದಲೇ ಇಲ್ಲಿ ಕ್ವೀನ್ಸ್‌ಲ್ಯಾಂಡಿನ ಕೆನ್ಸಿಂಗ್ಟನ್ ಪ್ರೈಡ್ ಪೆಟ್ಟಿಗೆಗಟ್ಟಲೆ ಬಂದಿರುತ್ತದೆ. ಚೆರ್ರಿಯೂ ಈಗಲೇ. ಐದು ವರ್ಷದೊಳಗಿನವರಿಗೆ ಚೆರ್ರಿಯ ಬೀಜ ತೆಗೆದು, ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ ಕೊಡಿ. ಇಡೀ ಗೋಡಂಬಿ, ಬಾದಾಮಿ ಅವರ ಕೈಗೆ ಸಿಗದಂತೆ ನೋಡಿಕೊಳ್ಳಿ.

ಊಟವನ್ನು ಹನ್ನೊಂದೂವರೆಗೇ ಹಾಕಿ. ಮೇಜಿನ ಮೇಲೆ ಎಲ್ಲವನ್ನೂ ಸಂಜೆ ತನಕ ಹರಡಿಡುವ ಅಭ್ಯಾಸ ಬಿಡಬೇಕು. 5ರಿಂದ 60 ಡಿಗ್ರಿ ನಡುವೆ ರೋಗಾಣು ಬೇಗ ಬೆಳೆಯುತ್ತವೆ. ಇಲ್ಲಿನ ಲೆಕ್ಕ ಹೀಗೆ: ಎರಡು ಗಂಟೆಯೊಳಗಿನದನ್ನು ಫ್ರಿಜ್ಜಿಗೆ ಹಾಕಬಹುದು, ಎರಡರಿಂದ ನಾಲ್ಕು ಗಂಟೆ ಆದದ್ದನ್ನು ಆಗಲೇ ತಿಂದು ಮುಗಿಸಬೇಕು, ನಾಲ್ಕು ದಾಟಿದ್ದನ್ನು ಎಸೆಯಬೇಕು. ಸಣ್ಣ ಮಕ್ಕಳಿಗೆ ನಾನು ಎರಡು ಗಂಟೆ ದಾಟಿದ್ದನ್ನು ಕೊಡುವುದೇ ಇಲ್ಲ.

ಹೊರಗೆ ಬಾರ್ಬೆಕ್ಯೂ ಮಾಡುವುದಾದರೆ ಅವತ್ತು ಬೆಂಕಿ ನಿಷೇಧ ಇದೆಯಾ ಅಂತ ಮೊದಲು ನೋಡಿ. ಇದ್ದರೆ ಸೌದೆ, ಇದ್ದಿಲು ಆಗುವುದೇ ಇಲ್ಲ. ವಿಕ್ಟೋರಿಯಾದಲ್ಲಿ ಗ್ಯಾಸಿನದ್ದಕ್ಕೂ ಸುತ್ತ ಮೂರು ಮೀಟರ್ ಒಣ ಹುಲ್ಲು ಇರಬಾರದು, ನೀರಿನ ಪೈಪು ಅಥವಾ ಕನಿಷ್ಠ ಹತ್ತು ಲೀಟರ್ ನೀರು ಪಕ್ಕದಲ್ಲಿರಬೇಕು, ದೊಡ್ಡವರೊಬ್ಬರು ಅಲ್ಲೇ ನಿಂತಿರಬೇಕು. 2015ರ ಕ್ರಿಸ್‌ಮಸ್ ದಿನವೇ ಇದೇ ರಾಜ್ಯದ ವೈ ರಿವರ್ ಸುತ್ತಮುತ್ತ ಕಾಡ್ಗಿಚ್ಚಿಗೆ 116 ಮನೆ ಸುಟ್ಟವು.

ಮಧ್ಯಾಹ್ನ: ಪರದೆ ಎಳೆದು ದೀಪ ಹಚ್ಚಿ

ಹಗಲು ಇಷ್ಟು ಉದ್ದ ಇರುವಾಗ ಮಕ್ಕಳಿಗೆ ಕ್ರಿಸ್‌ಮಸ್ ದೀಪ ಕಾಣುವುದು ಯಾವಾಗ? ಕತ್ತಲಾಗುವಾಗ ಒಂಬತ್ತು ದಾಟುತ್ತದೆ, ಅಷ್ಟರಲ್ಲಿ ಮಲಗಿರುತ್ತಾರೆ. ಅದಕ್ಕೆ ಮಧ್ಯಾಹ್ನವೇ ಸರಿ. ಸೆಕೆಗೆ ಹೇಗೂ ಕಿಟಕಿ ಮುಚ್ಚಿ ಪರದೆ ಎಳೆಯಬೇಕು. ಆ ಕತ್ತಲಲ್ಲಿ ಗಿಡದ ಎಲ್‌ಇಡಿ ದೀಪ ಹಾಕಿ, ಚಾಪೆ ಹಾಸಿ, ಕಥೆ ಓದಿ. ಅರ್ಧ ಗಂಟೆಯಲ್ಲಿ ನಿದ್ದೆ ಬರುತ್ತದೆ.

ಊರಿಗೆ ವೀಡಿಯೊ ಕಾಲ್ ಮಾಡುವುದಕ್ಕೂ ಇದೇ ಹೊತ್ತು. ಬೇಸಿಗೆಯಲ್ಲಿ ಮೆಲ್ಬರ್ನ್ ಭಾರತಕ್ಕಿಂತ ಐದೂವರೆ ಗಂಟೆ ಮುಂದೆ. ಇಲ್ಲಿ ಎರಡು ಗಂಟೆ ಅಂದರೆ ಮಂಗಳೂರಲ್ಲಿ ಬೆಳಗ್ಗೆ ಎಂಟೂವರೆ. ಅಜ್ಜ ಅಜ್ಜಿ ತಿಂಡಿ ತಿನ್ನುತ್ತಿರುತ್ತಾರೆ, ಮಕ್ಕಳು ತಾವೇ ಒತ್ತಿದ ಕಿಡಿಯೊ ತೋರಿಸಬಹುದು.

ಕುಡಿಯಲು ನೀರೇ ಸಾಕು, ಕೇಳುವ ತನಕ ಕಾಯದೆ ಆಗಾಗ ಕೊಡುತ್ತಿರಿ. ಆರು ತಿಂಗಳೊಳಗಿನ ಕೂಸಿಗೆ ವೈದ್ಯರು ಹೇಳದ ಹೊರತು ನೀರು ಬೇಡ, ಹಾಲನ್ನೇ ಹೆಚ್ಚು ಸಲ ಕೊಡಿ. ಮಗು ಮಂಕಾಗಿದ್ದರೆ, ಮೂತ್ರ ತೀರಾ ಕಡಿಮೆ ಆದರೆ ಹಬ್ಬ ಅಂತ ನೋಡದೆ ಡಾಕ್ಟರಿಗೆ ತೋರಿಸಿ.

ಸಂಜೆ: ನೀರು, ಗಾಳಿ

ಐದರ ನಂತರ ಅಂಗಳದಲ್ಲಿ ಗಾಳಿ ತುಂಬಿಸುವ ನೀರಿನ ಟಬ್ ಇಡಿ. 30 ಸೆಂಟಿಮೀಟರ್‌ಗಿಂತ ಹೆಚ್ಚು ನೀರು ಹಿಡಿಯುವ ಟಬ್ಬಿಗೂ ಇಲ್ಲಿ ಬೇಲಿಯ ಕಾನೂನು ಅನ್ವಯಿಸುತ್ತದೆ. ಅದಕ್ಕೇ ಪುಟ್ಟದನ್ನೇ ತನ್ನಿ. ಮಕ್ಕಳು ನೀರಲ್ಲಿರುವಷ್ಟು ಹೊತ್ತು ಒಬ್ಬರು ಫೋನ್ ಕೆಳಗಿಟ್ಟು ಅವರನ್ನೇ ನೋಡುತ್ತಿರಬೇಕು. "ಎಲ್ಲರೂ ಇದ್ದಾರಲ್ಲ" ಅಂತ ಬಿಟ್ಟರೆ ಯಾರೂ ನೋಡಿರುವುದಿಲ್ಲ. ಸರದಿ ಹಾಕಿಕೊಳ್ಳಿ. ಆಟ ಮುಗಿದ ಕೂಡಲೇ ಟಬ್ ಖಾಲಿ ಮಾಡಿ ಮಗುಚಿ ಹಾಕಿ. ಬೀಚಿಗೆ ಹೋದರೆ ಜೀವರಕ್ಷಕರು ನೆಟ್ಟ ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ.

ಮೆಲ್ಬರ್ನ್‌ನವರು ಒಂದು ಸ್ವೆಟರ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಉತ್ತರದ ಬಿಸಿಗಾಳಿ ನಿಂತು ದಕ್ಷಿಣದಿಂದ ತಣ್ಣನೆ ಗಾಳಿ ಎದ್ದರೆ ಒಂದು ಗಂಟೆಯೊಳಗೆ ಹತ್ತು ಹದಿನೈದು ಡಿಗ್ರಿ ಇಳಿಯುವುದುಂಟು. ಇದನ್ನು ಇಲ್ಲಿ ಕೂಲ್ ಚೇಂಜ್ ಅನ್ನುತ್ತಾರೆ, ಯಾವ ಹೊತ್ತಿಗೆ ಬರುತ್ತದೆಂದು ಹವಾಮಾನ ಇಲಾಖೆ ಮೊದಲೇ ತಿಳಿಸುತ್ತದೆ. ಅದು ಸಂಜೆ ಆರಕ್ಕೆ ಅಂತಿದ್ದರೆ ನೆಂಟರನ್ನು ಆರೂವರೆಗೆ ಕರೆಯಿರಿ, ತಣ್ಣನೆ ಗಾಳಿ ಬಂದ ಕೂಡಲೇ ಕಿಟಕಿಯೆಲ್ಲ ತೆರೆಯಿರಿ.

ಮರುದಿನ ಬಾಕ್ಸಿಂಗ್ ಡೇ, ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ (ಎಂಸಿಜಿ) ಟೆಸ್ಟ್ ಪಂದ್ಯ. ದೊಡ್ಡವರು ಟಿವಿ ಮುಂದೆ ಕೂರುವ ಮೊದಲು ಉಳಿದ ಹ್ಯಾಮ್, ಸುಕ್ಕ ಸಣ್ಣ ಡಬ್ಬಗಳಿಗೆ ಹಾಕಿ ಫ್ರೀಜರಿಗೆ ಸೇರಿಸಿ. ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಬೇಡಿ. ಎಲೆ ಉದುರಲು ಶುರುವಾದರೆ ಹಬ್ಬದ ಕೊನೆಯ ತನಕ ಕಾಯದೆ ದೀಪ ಬಿಚ್ಚಿ ಹೊರಗೆ ಹಾಕಿ. ಹಾಕುವಾಗಲೂ ಮನೆಯ ಗೋಡೆಗೆ ಒರಗಿಸಬೇಡಿ. ಒಣಗಿದ ಪೈನ್ ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ, ಜನವರಿಯ ಬಿಸಿಲು ಇನ್ನೂ ಮುಂದಿದೆ.