ಕೃತಕ ಮೇದೋಜ್ಜೀರಕ: ಬಳಕೆಯ ಮೊದಲ ವಾರಗಳಿಗೊಂದು ಕೈಪಿಡಿ

ಟೈಪ್ 1 ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ನಾಶಮಾಡುವುದರಿಂದ ಇನ್ಸುಲಿನ್ನನ್ನು ಜೀವನಪರ್ಯಂತ ಹೊರಗಿನಿಂದಲೇ ಕೊಡಬೇಕಾಗುತ್ತದೆ. ಆ ಹೊಣೆಯಲ್ಲಿ ದೊಡ್ಡ ಪಾಲನ್ನು ಹೊರುವ ಕೃತಕ ಮೇದೋಜ್ಜೀರಕದಲ್ಲಿ ಮೂರು ಅಂಗಗಳಿವೆ: ಚರ್ಮದಡಿಯ ದ್ರವದಲ್ಲಿ ಸಕ್ಕರೆಯನ್ನು ಐದೈದು ನಿಮಿಷಕ್ಕೆ ಅಳೆಯುವ ಸೆನ್ಸರ್, ಇನ್ಸುಲಿನ್ ಹರಿಸುವ ಪಂಪ್, ಮತ್ತು ಇವೆರಡರ ನಡುವೆ ಲೆಕ್ಕ ಹಾಕುವ ಆಲ್ಗಾರಿದಮ್. ಇಂಥ ಮೊದಲ ವ್ಯವಸ್ಥೆಯಾದ ಮಿನಿಮೆಡ್ 670ಜಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2016ರ ಸೆಪ್ಟೆಂಬರ್‌ನಲ್ಲಿ ಅನುಮತಿ ನೀಡಿತು. ಅದರ ನಂತರ ಬಂದ 780ಜಿ ಭಾರತದಲ್ಲಿಯೂ ಬಳಕೆಯಲ್ಲಿರುವುದರಿಂದ ಇಲ್ಲಿಯ ಉದಾಹರಣೆಗಳನ್ನು ಅದರಿಂದಲೇ ಆರಿಸಿಕೊಂಡಿದ್ದೇನೆ. ಡೋಸಿನ ಅಂಕಿಗಳನ್ನು ಮಾತ್ರ ನಿಮ್ಮ ವೈದ್ಯರೇ ನಿರ್ಧರಿಸಬೇಕು.

ಪಂಪ್ ಹಾಕಿದ ಕೂಡಲೇ ಸ್ವಯಂಚಾಲನೆ ಆರಂಭವಾಗುವುದಿಲ್ಲ. ನಿಮ್ಮ ದೇಹಕ್ಕೆ ದಿನಕ್ಕೆ ಒಟ್ಟು ಎಷ್ಟು ಇನ್ಸುಲಿನ್ ಬೇಕೆಂಬುದನ್ನು ಅರಿಯಲು 780ಜಿ ಸುಮಾರು 48 ಗಂಟೆ ತೆಗೆದುಕೊಳ್ಳುತ್ತದೆ; ಅಲ್ಲಿಯವರೆಗೆ ಅದು ಸಾಮಾನ್ಯ ಪಂಪಿನಂತೆಯೇ ನಡೆಯುತ್ತದೆ. ಸಕ್ಕರೆಯ ಗುರಿಯನ್ನು ಪ್ರತಿ ಡೆಸಿಲೀಟರಿಗೆ 100, 110 ಅಥವಾ 120 ಮಿಲಿಗ್ರಾಂಗೆ ಇರಿಸಬಹುದು; ಮುಂದೆ ಬರುವ ಸಕ್ಕರೆಯ ಅಂಕಿಗಳೂ ಇದೇ ಅಳತೆಯವು. ತುಂಬುವ ಇನ್ಸುಲಿನ್ ಯಾವುದು ಎಂಬುದನ್ನು ನಮ್ಮ ದೇಶದಲ್ಲಿ ವಿಶೇಷವಾಗಿ ಗಮನಿಸಬೇಕು. ಔಷಧ ಅಂಗಡಿಗಳಲ್ಲಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್‌ನ ಬಾಟಲಿಗಳೂ ದೊರೆಯುತ್ತವೆ, ಪಂಪಿಗೆ ಬೇಕಾಗಿರುವುದು 100 ಯೂನಿಟ್‌ನ ಕ್ಷಿಪ್ರ ಇನ್ಸುಲಿನ್. ಆದ್ದರಿಂದ ಕೊಳ್ಳುವಾಗಲೇ ಬಾಟಲಿಯ ಮೇಲಿನ ಅಂಕಿಯನ್ನು ಓದಿಕೊಳ್ಳಿ.

ಊಟದ ವಿಷಯದಲ್ಲಿ ಯಂತ್ರಕ್ಕೆ ನಿಮ್ಮ ನೆರವು ಬೇಕು. ನಾವು ಉಂಡ ಅನ್ನ ರಕ್ತಕ್ಕೆ ಸೇರುವ ವೇಗಕ್ಕೆ ಚರ್ಮದಡಿ ಹರಿದ ಇನ್ಸುಲಿನ್ ಸರಿಗಟ್ಟಲಾರದು. ಸೆನ್ಸರ್ ಏರಿಕೆಯನ್ನು ಗುರುತಿಸುವ ಹೊತ್ತಿಗೆ ತಡವಾಗಿರುತ್ತದೆ. ಹೀಗಾಗಿ ತಿನ್ನಲಿರುವ ಕಾರ್ಬೋಹೈಡ್ರೇಟ್ ಎಷ್ಟು ಗ್ರಾಂ ಎಂಬುದನ್ನು ಊಟಕ್ಕೆ 15ರಿಂದ 20 ನಿಮಿಷ ಮೊದಲೇ ಪಂಪಿಗೆ ತಿಳಿಸಿ ಬೋಲಸ್, ಅಂದರೆ ಊಟಕ್ಕೆಂದು ಒಮ್ಮೆಗೇ ಹರಿಸುವ ಇನ್ಸುಲಿನ್ ಡೋಸ್ ಕೊಡಬೇಕು. ಈ ಒಂದು ಅಭ್ಯಾಸ ನೆಟ್ಟಗಾದರೆ ಉಳಿದ ಸೆಟ್ಟಿಂಗ್‌ಗಳ ತಲೆನೋವು ಅರ್ಧಕ್ಕಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಗ್ರಾಂ ಲೆಕ್ಕಕ್ಕೆ ಅಡುಗೆಮನೆಯಲ್ಲಿ ಒಂದು ಡಿಜಿಟಲ್ ತಕ್ಕಡಿ ಸಾಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ, ಅಷ್ಟೇ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದೆ. 240 ಗ್ರಾಂ ಹಿಟ್ಟಿನಲ್ಲಿ ನಾಲ್ಕು ಮುದ್ದೆ ಕಟ್ಟಿದರೆ ಒಂದೊಂದರಲ್ಲಿ 60 ಗ್ರಾಂ ಹಿಟ್ಟು, ಅಂದರೆ ಸುಮಾರು 40 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅನ್ನಕ್ಕಾದರೆ ಅಕ್ಕಿಯನ್ನು ಒಮ್ಮೆ, ಬೆಂದ ಅನ್ನವನ್ನು ಇನ್ನೊಮ್ಮೆ ತೂಗಿ: 200 ಗ್ರಾಂ ಅಕ್ಕಿ ಬೆಂದು 600 ಗ್ರಾಂ ಆದರೆ ತಟ್ಟೆಯ ಪ್ರತಿ 100 ಗ್ರಾಂ ಅನ್ನಕ್ಕೆ 26 ಗ್ರಾಂ ಲೆಕ್ಕ. ಮನೆಯ ಸೌಟು, ಮನೆಯ ಕುಕ್ಕರಿನ ಅಳತೆ ಒಮ್ಮೆ ಗೊತ್ತಾದ ಮೇಲೆ ದಿನವೂ ತೂಗುವ ಅಗತ್ಯವಿಲ್ಲ. ಮದುವೆಮನೆಯ ಎಲೆಯ ಮುಂದೆ ಕುಳಿತಾಗ ಈ ನಿಖರತೆ ಸಾಧ್ಯವಾಗದು. ಅಲ್ಲಿ ಹೋಳಿಗೆ, ಚಿತ್ರಾನ್ನ, ಅನ್ನಗಳಿಗೆ ಅಂದಾಜಿನ ಅಂಕಿ ಕೊಟ್ಟು, ಉಳಿದ ತಿದ್ದುಪಡಿಯನ್ನು ಯಂತ್ರಕ್ಕೆ ಬಿಡುವುದೇ ಸರಿ.

ಬೋಲಸ್ ಮರೆತು ಊಟ ಮುಗಿಸಿ ಗಂಟೆ ಕಳೆದಿದ್ದರೆ ಪೂರ್ತಿ ಗ್ರಾಂಗಳನ್ನು ನಮೂದಿಸಬಾರದು. ಅಷ್ಟರಲ್ಲಿ ಆಲ್ಗಾರಿದಮ್ ತಾನಾಗಿಯೇ ಇನ್ಸುಲಿನ್ ಹೆಚ್ಚಿಸಿರುತ್ತದೆ. ಅದರ ಮೇಲೆ ಪೂರ್ಣ ಬೋಲಸ್ ಬಿದ್ದರೆ ಸಕ್ಕರೆ ಕುಸಿಯುತ್ತದೆ. ಅರ್ಧದಷ್ಟು ಕೊಡುವುದು ವಾಡಿಕೆಯ ಸಲಹೆಯಾಗಿದ್ದು, ನಿಮಗೆ ಯಾವುದು ಸರಿಯೆಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಸಕ್ಕರೆ ಏರಿದೆಯೆಂದು ಊಟ ಮಾಡದೆಯೇ ಸುಳ್ಳು ಗ್ರಾಂ ನಮೂದಿಸಿ ಯಂತ್ರವನ್ನು ದಬಾಯಿಸುವವರೂ ಇದ್ದಾರೆ. ವರ್ಷಗಟ್ಟಲೆ ಇನ್ಸುಲಿನ್ ಚುಚ್ಚುವ ಪೆನ್ನಿನಿಂದ ತಾವೇ ತಿದ್ದಿಕೊಂಡು ಬಂದವರಿಗೆ ಕೈಕಟ್ಟಿ ಕೂರುವುದು ಕಷ್ಟವೆಂಬುದು ನಿಜವಾದರೂ, ಈ ಚಾಳಿ ಯಂತ್ರದ ಲೆಕ್ಕವನ್ನೇ ಕೆಡಿಸುತ್ತದೆ.

ಸುಮ್ಮನಿರಬಾರದ ಸಂದರ್ಭವೂ ಒಂದಿದೆ. ಪಂಪಿನಲ್ಲಿರುವುದು ಕ್ಷಿಪ್ರ ಇನ್ಸುಲಿನ್ ಮಾತ್ರ. ದೇಹದಲ್ಲಿ ದೀರ್ಘಾವಧಿಯ ಇನ್ಸುಲಿನ್ನಿನ ದಾಸ್ತಾನು ಇರುವುದಿಲ್ಲ. ಪಂಪಿನ ನಳಿಕೆ ಕಟ್ಟಿಕೊಂಡರೆ ಕೆಲವೇ ಗಂಟೆಗಳಲ್ಲಿ, ಇನ್ಸುಲಿನ್ ಇಲ್ಲದೆ ದೇಹ ಕೊಬ್ಬನ್ನು ಕರಗಿಸುವಾಗ ಹುಟ್ಟುವ ಕೀಟೋನ್‌ಗಳು ಏರಿ, ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಎಂಬ ಅಪಾಯ ಎದುರಾಗುತ್ತದೆ. ಪಂಪ್ ಪ್ರತಿ ಬಾರಿಯೂ ಎಚ್ಚರಿಸುತ್ತದೆಂದು ನಂಬಿ ಕೂರಬೇಡಿ. ಚರ್ಮದೊಳಗೆ ಮಡಚಿಕೊಂಡ ನಳಿಕೆಯ ತುದಿಯ ಪಕ್ಕದಿಂದ ಇನ್ಸುಲಿನ್ ಸೋರುತ್ತಿದ್ದರೂ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣಬಹುದು. ಸಕ್ಕರೆ 250 ದಾಟಿ, ತಿದ್ದುಪಡಿಯ ನಂತರವೂ ಒಂದೆರಡು ಗಂಟೆಯಲ್ಲಿ ಇಳಿಯದಿದ್ದರೆ ಬೆರಳಿನ ರಕ್ತದಿಂದ ಖಚಿತಪಡಿಸಿಕೊಂಡು ಕೀಟೋನ್ ಪರೀಕ್ಷಿಸಿ. ಇನ್ಫ್ಯೂಷನ್ ಸೆಟ್ (ಪಂಪಿನಿಂದ ಚರ್ಮದಡಿಗೆ ಇನ್ಸುಲಿನ್ ಒಯ್ಯುವ ನಳಿಕೆ ಮತ್ತು ಅದರ ಅಂಟುಪಟ್ಟಿ) ಅಂಟಿಸಿದ ಜಾಗವನ್ನು ಮುಟ್ಟಿ ನೋಡಿ: ಪಟ್ಟಿ ತೇವವಾಗಿದ್ದು ಫಿನಾಯಿಲಿನಂಥ ವಾಸನೆ ಬಂದರೆ ಅದು ಸೋರಿದ ಇನ್ಸುಲಿನ್. ಕೀಟೋನ್ ಏರಿದ್ದರೆ ವೈದ್ಯರು ಬರೆದುಕೊಟ್ಟ ತಿದ್ದುಪಡಿ ಡೋಸನ್ನು ಮೊದಲು ಪೆನ್ನಿನಿಂದ ಚುಚ್ಚಿಕೊಳ್ಳಬೇಕು, ಸಂಶಯವಿರುವ ನಳಿಕೆಯ ಮೂಲಕವಲ್ಲ. ಆಮೇಲೆ ಹೊಸ ಸೆಟ್ಟನ್ನು ಬೇರೆ ಜಾಗದಲ್ಲಿ ಹಾಕಬೇಕು. ಪೆನ್ನಿನ ಡೋಸು ಪಂಪಿಗೆ ಗೊತ್ತಿರುವುದಿಲ್ಲವಾದ್ದರಿಂದ ಸ್ವಯಂಚಾಲನೆಗೆ ಎಷ್ಟು ಹೊತ್ತಿನ ನಂತರ ಮರಳಬೇಕೆಂಬುದನ್ನೂ ಮುಂಚೆಯೇ ತಿಳಿದಿರಿ. ವಾಂತಿ ಅಥವಾ ಏದುಸಿರು ಕಾಣಿಸಿಕೊಂಡರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೊರಡಿ.

ಸಕ್ಕರೆ ಇಳಿದಾಗಿನ ಉಪಚಾರವೂ ಹಿಂದಿನಂತಲ್ಲ. ಇಳಿಮುಖವನ್ನು ಕಂಡು ಪಂಪ್ ಆಗಲೇ ಇನ್ಸುಲಿನ್ ತಡೆದಿರುವುದರಿಂದ 15 ಗ್ರಾಂ ಗ್ಲೂಕೋಸಿನ ಬದಲು 5ರಿಂದ 10 ಗ್ರಾಂ ಸಾಮಾನ್ಯವಾಗಿ ಸಾಕಾಗುತ್ತದೆ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇದಕ್ಕೆ ಬೋಲಸ್ ಕೊಡಬಾರದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು ಎಂಬುದನ್ನು ಮನೆಯವರಿಗೂ ಹೇಳಿಕೊಡಿ. ವ್ಯಾಯಾಮವಿದ್ದರೆ ಒಂದೆರಡು ಗಂಟೆ ಮೊದಲೇ 150ರ ತಾತ್ಕಾಲಿಕ ಗುರಿಯನ್ನು ಇರಿಸಿಕೊಳ್ಳಬೇಕು. ಸ್ನಾನಕ್ಕೋ ಆಟಕ್ಕೋ ನಳಿಕೆ ಬಿಚ್ಚುವಾಗ ಪಂಪನ್ನು ತಡೆಹಿಡಿಯದಿದ್ದರೆ, ಹೊರಗೆ ಸುರಿದ ಇನ್ಸುಲಿನ್ ಕೂಡ ದೇಹಕ್ಕೆ ಸೇರಿತೆಂದೇ ಅದು ಲೆಕ್ಕ ಹಾಕುತ್ತದೆ.

ಸೆನ್ಸರಿಗೂ ಅದರದೇ ಮಿತಿಗಳಿವೆ. ಅದನ್ನು ಹಾಕಿದ ತೋಳಿನ ಮೇಲೆ ಮಲಗಿದರೆ ಒತ್ತಡಕ್ಕೆ ಸುಳ್ಳು ಇಳಿಕೆ ತೋರಿಸಬಹುದು. ಕೆಲವು ಸೆನ್ಸರ್‌ಗಳು ಪ್ಯಾರಾಸಿಟಮಾಲ್ ನುಂಗಿದಾಗ ಇಲ್ಲದ ಏರಿಕೆಯನ್ನು ತೋರಿಸುತ್ತವೆ, ಯಂತ್ರ ಅದನ್ನು ನಂಬಿ ಇನ್ಸುಲಿನ್ ಹರಿಸುತ್ತದೆ. ಜ್ವರ ಬರುವ ಮೊದಲೇ ನಿಮ್ಮ ಸೆನ್ಸರಿನ ಕೈಪಿಡಿಯಲ್ಲಿ ಇದನ್ನು ನೋಡಿಟ್ಟುಕೊಳ್ಳಿ. ಎಂಆರ್‌ಐ ಕೊಠಡಿಗೆ ಹೋಗುವ ಮುನ್ನ 780ಜಿಯ ಪಂಪ್, ಸೆನ್ಸರ್ ಎರಡನ್ನೂ ತೆಗೆದಿಡಬೇಕು.

ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಬಿಸಿಲಿಗೆ ಒಡ್ಡಿಕೊಂಡ ಪಂಪಿನೊಳಗಿನ ಇನ್ಸುಲಿನ್ 37 ಡಿಗ್ರಿ ಸೆಲ್ಸಿಯಸ್ ಮೀರಿ ಬಿಸಿಯಾದರೆ ಅದನ್ನು ಚೆಲ್ಲಿ ಹೊಸದನ್ನು ತುಂಬಬೇಕಾಗುತ್ತದೆ. ಊರಿಗೆ ಹೊರಟಾಗ ಬ್ಯಾಗಿನಲ್ಲಿ ಒಂದು ಸೆಟ್, ಬ್ಯಾಟರಿ, ಗ್ಲೂಕೋಮೀಟರ್, ಕೀಟೋನ್ ಪಟ್ಟಿ, ಕ್ಷಿಪ್ರ ಮತ್ತು ದೀರ್ಘಾವಧಿ ಇನ್ಸುಲಿನ್ ಪೆನ್ನುಗಳು, ಪಂಪ್ ಕೆಟ್ಟರೆ ಎಷ್ಟೆಷ್ಟು ಯೂನಿಟ್ ಎಂದು ವೈದ್ಯರು ಬರೆದ ಚೀಟಿ ಇರಲಿ.

ಎರಡು ವಾರ ಕಳೆದ ಮೇಲೆ ಪಂಪಿನ ವರದಿ ತೆರೆದು, ಸಕ್ಕರೆ 70ರಿಂದ 180ರೊಳಗೆ ಇದ್ದ ಸಮಯ ಶೇ 70ಕ್ಕಿಂತ ಹೆಚ್ಚಿದೆಯೇ, 70ಕ್ಕಿಂತ ಕೆಳಗಿನದು ಶೇ 4ಕ್ಕಿಂತ ಕಡಿಮೆಯಿದೆಯೇ ಎಂದು ನೋಡಿ. ಅಂಕಿ ತಲುಪದಿದ್ದರೆ ಸೆಟ್ಟಿಂಗ್ ಬದಲಿಸುವ ಮೊದಲು ಬೋಲಸ್‌ಗಳು ಊಟಕ್ಕೆ ಮುಂಚೆ ಬಿದ್ದಿವೆಯೇ, ಸೆಟ್ ಮೂರು ದಿನಕ್ಕೊಮ್ಮೆ ಬದಲಾಗಿದೆಯೇ ಎಂಬುದನ್ನು ಪರಿಶೀಲಿಸಿ, ಆ ವರದಿಯೊಂದಿಗೇ ವೈದ್ಯರ ಬಳಿ ಹೋಗಿ.