ಹಳೆಯ ಜೀಪಿನ ಲೈಟ್ ಸ್ವಿಚ್ ಮತ್ತು ವೈರಿಂಗ್: ನಾನು ಸರಿಮಾಡುವ ಬಗೆ

ಮಲೆನಾಡಿನ ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಫೋರ್ ವೀಲ್ ಡ್ರೈವ್ ಜೀಪುಗಳಲ್ಲಿ ಹೆಡ್‌ಲೈಟ್ ಮಿಣುಕುವುದು, ಡಿಪ್ಪರ್ (ಹೈ ಬೀಮ್, ಲೋ ಬೀಮ್ ಬದಲಿಸುವ ಸ್ವಿಚ್) ಒತ್ತಿದರೆ ಪೂರ್ತಿ ಆರಿಹೋಗುವುದು, ಸ್ವಿಚ್ ಮುಟ್ಟಿದರೆ ಬಿಸಿ ಹತ್ತುವುದು ಮಾಮೂಲಿ. ಹೊಸ ಸ್ವಿಚ್ ತಂದು ಹಾಕಿದರೆ ಸ್ವಲ್ಪ ದಿನ ಚೆನ್ನಾಗಿರುತ್ತದೆ, ಆಮೇಲೆ ಅದೂ ಸುಡುತ್ತದೆ. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸಾಧನ, ಇರುವುದಿಲ್ಲ. ಹೆಡ್‌ಲೈಟಿನ ಅಷ್ಟೂ ಕರೆಂಟು ಸ್ವಿಚ್ಚನ್ನು ಹಾದೇ ಹೋಗಬೇಕು. ಹೈ ಬೀಮ್‌ಗೆ 60, ಲೋ ಬೀಮ್‌ಗೆ 55 ವ್ಯಾಟಿನ ಎರಡು ಫಿಲಮೆಂಟ್ ಒಂದರಲ್ಲೇ ಇರುವ ಎಚ್4 ಬಲ್ಬು ಎರಡಿದ್ದರೆ ಹೈ ಬೀಮ್‌ನಲ್ಲಿ 120 ವ್ಯಾಟ್, ಅಂದರೆ 12 ವೋಲ್ಟಿಗೆ 10 ಆಂಪಿಯರ್. ಸ್ವಿಚ್ಚಿನೊಳಗೆ ಒಂದಕ್ಕೊಂದು ತಾಗುವ ಲೋಹದ ತುದಿ, ಅಂದರೆ ಕಾಂಟ್ಯಾಕ್ಟ್, ಸವೆದು ಬರೀ 0.1 ಓಮ್ ರೆಸಿಸ್ಟೆನ್ಸ್ ಬಂದರೂ ಅಲ್ಲಿ 1 ವೋಲ್ಟ್ ನಷ್ಟ, 10 ವ್ಯಾಟ್ ಶಾಖ. ಮುಚ್ಚಿದ ಪ್ಲಾಸ್ಟಿಕ್ ಒಳಗೆ ಅಷ್ಟು ಶಾಖ ನಿಂತರೆ ಕಾಂಟ್ಯಾಕ್ಟನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಬಿಗಿ ಕಳೆದುಕೊಳ್ಳುತ್ತದೆ. ಬಿಗಿ ಹೋದಷ್ಟೂ ರೆಸಿಸ್ಟೆನ್ಸ್ ಏರುತ್ತದೆ.

ಹಾಗಾಗಿ ಸ್ವಿಚ್ ಬಿಚ್ಚುವ ಮೊದಲು ಅಳೆಯಬೇಕು. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಲೈಟ್ ಉರಿಯುತ್ತಿರುವಾಗಲೇ, ಬಲ್ಬಿನ ಹೋಲ್ಡರ್ ಕಳಚದೆ ಹಿಂಬದಿಯಿಂದ ಪಿನ್ ಮುಟ್ಟಿಸಿ ನೋಡಬೇಕು. ಹೋಲ್ಡರ್ ಕಳಚಿ ನೋಡಿದರೆ ಪ್ರಯೋಜನವಿಲ್ಲ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಲೋಡ್ ಇಲ್ಲದಾಗ ಮೀಟರ್ 12 ವೋಲ್ಟ್ ತೋರಿಸಿಬಿಡುತ್ತದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಬಲ್ಬಿನ ಪ್ಲಸ್ ಪಿನ್ನಿಗೆ ಇಟ್ಟರೆ ಬರುವ ಅಂಕಿಯೇ ದಾರಿಯಲ್ಲಿ ಸೋರಿದ ವೋಲ್ಟೇಜ್. ಅರ್ಧ ವೋಲ್ಟ್ ಮೀರಿದರೆ ನಾನು ಬಿಡುವುದಿಲ್ಲ. ಬ್ಯಾಟರಿಯಿಂದ ಸ್ವಿಚ್ಚಿನ ಒಳಬದಿ, ಸ್ವಿಚ್ಚಿನ ಒಳ–ಹೊರ, ಅಲ್ಲಿಂದ ಡಿಪ್ಪರ್, ಡಿಪ್ಪರಿನಿಂದ ಬಲ್ಬು ಎಂದು ತುಂಡುತುಂಡಾಗಿ ಅಳೆದರೆ ಕಳ್ಳ ಎಲ್ಲಿದ್ದಾನೆಂದು ತಿಳಿಯುತ್ತದೆ. ವೋಲ್ಟೇಜ್ ಶೇ 10 ಕಡಿಮೆಯಾದರೆ ಬಲ್ಬಿನ ಬೆಳಕು ಸುಮಾರು ಶೇ 30 ಇಳಿಯುತ್ತದೆ. ಚಾರ್ಮಾಡಿಯ ಮಂಜಿನಲ್ಲಿ ಅದು ಸಣ್ಣ ವ್ಯತ್ಯಾಸವಲ್ಲ.

ಅರ್ತಿಂಗ್, ಅಂದರೆ ಕರೆಂಟು ಬ್ಯಾಟರಿ ಮೈನಸ್‌ಗೆ ಮರಳುವ ದಾರಿಯನ್ನೂ ಇದೇ ರೀತಿ, ಬಲ್ಬಿನ ಅರ್ತ್ ಪಿನ್ನಿನಿಂದ ಬ್ಯಾಟರಿ ಮೈನಸ್‌ಗೆ ಅಳೆಯಬೇಕು. ಇಲ್ಲಿ 0.2 ವೋಲ್ಟ್ ದಾಟಬಾರದು. ಸ್ವಿಚ್ ಮೇಲೆ ಹೊರಿಸುವ ಎಷ್ಟೋ ದೂರುಗಳ ಮೂಲ ಅರ್ತಿಂಗ್. ಲೋ ಬೀಮ್ ಹಾಕಿದಾಗ ಒಂದು ದೀಪ ಮಂಕಾಗಿ, ಡ್ಯಾಶ್‌ಬೋರ್ಡಿನ ನೀಲಿ ಹೈ ಬೀಮ್ ದೀಪ ಸಣ್ಣಗೆ ಹೊತ್ತಿಕೊಂಡರೆ ಆ ಬದಿಯ ಅರ್ತ್ ಹೋಗಿದೆ ಎಂದೇ ಅರ್ಥ: ಮನೆಗೆ ದಾರಿ ಸಿಗದ ಕರೆಂಟು ಅದೇ ಬಲ್ಬಿನ ಹೈ ಬೀಮ್ ಫಿಲಮೆಂಟಿನಿಂದ ಹಿಮ್ಮುಖವಾಗಿ ಹರಿದು ಬೇರೆ ದೀಪಗಳ ಮೂಲಕ ಹೋಗುತ್ತಿರುತ್ತದೆ. ಇಂಡಿಕೇಟರ್ ಜೊತೆ ಟೇಲ್ ಲ್ಯಾಂಪೂ ಮಿಣುಕಿದರೆ ಹಿಂಬದಿಯಲ್ಲಿ ಅದೇ ಕಥೆ.

ಬಾಡಿ ಕೂರುವುದು ರಬ್ಬರ್ ಬುಷ್‌ಗಳ ಮೇಲೆ, ಬೋಲ್ಟುಗಳಿಗೆ ತುಕ್ಕು, ಅದರ ಮೇಲೆ ಎರಡು ಮೂರು ಸಲ ಹೊಡೆದ ಪೇಂಟ್. ಹೀಗಿರುವಾಗ ಬಾಡಿಯನ್ನು ನಂಬುವಂತಿಲ್ಲ. ಬ್ಯಾಟರಿ ಮೈನಸ್‌ನಿಂದ ಚಾಸಿಗೆ, ಎಂಜಿನ್‌ನಿಂದ ಚಾಸಿಗೆ, ಚಾಸಿಯಿಂದ ಬಾಡಿಗೆ ಮೂರು ದಪ್ಪ ಸ್ಟ್ರಾಪ್ ಹಾಕುತ್ತೇನೆ. ಕೂರುವ ಜಾಗದ ಪೇಂಟನ್ನು ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಸ್ಟಾರ್ ವಾಷರ್ ಇಟ್ಟು ಬಿಗಿದು, ಆಮೇಲಷ್ಟೇ ಮೇಲಿಂದ ಗ್ರೀಸ್. ಎಂಜಿನ್ ಸ್ಟ್ರಾಪ್ ಮರೆಯಲೇಬಾರದು. ಅದಿಲ್ಲದಿದ್ದರೆ ಸ್ಟಾರ್ಟರಿನ ಕರೆಂಟು ಆಕ್ಸಿಲರೇಟರ್ ಕೇಬಲ್ ಹಿಡಿದು ಹೋಗಿ ಕೇಬಲ್ಲೇ ಸುಡುವುದುಂಟು. ಹೆಡ್‌ಲೈಟುಗಳಿಗೆ ಬಾಡಿಯ ಹಂಗು ಬೇಡವೆಂದು ಬೇರೆ 2.5 ಚದರ ಮಿಮೀ ಕಪ್ಪು ವೈರು ಎಳೆಯುತ್ತೇನೆ.

ಇನ್ನು ಸ್ವಿಚ್. ಬ್ಯಾಟರಿ ಮೈನಸ್ ಕಳಚಿಯೇ ಕೈಹಾಕಿ. ತೆಗೆದು ಕೈಯಲ್ಲಿ ಹಿಡಿದಾಗ ಮೊದಲು ನೋಡಬೇಕಾದದ್ದು ಹಿಂದಿನ ಟರ್ಮಿನಲ್‌ಗಳ ರಿವೆಟ್. ಒಳಗಿನ ಕಾಂಟ್ಯಾಕ್ಟ್ ಚೆನ್ನಾಗಿದ್ದರೂ ರಿವೆಟ್ ಸಡಿಲವಾಗಿ ಟರ್ಮಿನಲ್ ಉಗುರಿಗೆ ಅಲುಗಾಡುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಒಂದು ಉಂಗುರ ಮೂಡಿರುತ್ತದೆ. ಅಂಥದ್ದನ್ನು ಎಸೆಯಬೇಕು, ಉಜ್ಜಿ ಉಪಯೋಗವಿಲ್ಲ. ಬರೀ ಕಾಂಟ್ಯಾಕ್ಟ್ ಕಪ್ಪಾಗಿದ್ದರೆ 400 ನಂಬರಿನ ಎಮರಿ ಕಾಗದದಲ್ಲಿ ಹಗುರವಾಗಿ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸಾಕು. ಹಳೆಯ ಮಾದರಿಯ ಕಾಲಿನ ಡಿಪ್ಪರ್ ಇದ್ದರೆ ಅದರ ಮೇಲೆ ಕಣ್ಣಿಡಿ. ಬೂಟಿನ ಕೆಸರೂ ನೀರೂ ನೇರ ಅದರ ತಲೆಗೇ ಬೀಳುತ್ತವೆ. ಲೈಟ್ ಆರಿ, ಸ್ವಲ್ಪ ಹೊತ್ತಿಗೆ ತಾನೇ ಹೊತ್ತಿ, ಮತ್ತೆ ಆರುವುದು ಒಂದೇ ಲಯದಲ್ಲಿ ನಡೆಯುತ್ತಿದ್ದರೆ ಅದು ಸಡಿಲ ವೈರಲ್ಲ. ಕೆಲವು ಹಳೆಯ ಸ್ವಿಚ್ಚುಗಳೊಳಗೇ ಬಿಸಿಯಾದಾಗ ತಾನೇ ಕರೆಂಟು ಕಡಿಯುವ ಥರ್ಮಲ್ ಬ್ರೇಕರ್ ಇರುತ್ತದೆ, ಲೋಡ್ ಜಾಸ್ತಿಯಾಗಿ ಅದು ಕಡಿಯುತ್ತಿದೆ. 100/90 ವ್ಯಾಟಿನ ಬಲ್ಬು ಹಾಕಿದ ಗಾಡಿಗಳಲ್ಲಿ ಇದನ್ನು ಕಾಣಬಹುದು. ಹೈ ಬೀಮ್‌ಗೆ ಸುಮಾರು 17 ಆಂಪಿಯರ್ ಹೋಗುತ್ತದೆ, ಹೋಲ್ಡರ್ ಕರಗುತ್ತದೆ. ಆ ಬಲ್ಬು ಬೇಡ.

ಸ್ವಿಚ್ ಉಳಿಯಬೇಕಾದರೆ ಹೊರೆ ಇಳಿಸಬೇಕು. ಲೋ ಬೀಮ್‌ಗೊಂದು, ಹೈ ಬೀಮ್‌ಗೊಂದು, 12 ವೋಲ್ಟ್ 30 ಅಥವಾ 40 ಆಂಪಿಯರಿನ ರಿಲೇ. ಡಿಪ್ಪರಿನಿಂದ ಬಲ್ಬಿಗೆ ಹೋಗುತ್ತಿದ್ದ ಹಳೆಯ ವೈರನ್ನು ರಿಲೇಯಲ್ಲಿ 86 ಎಂದು ಗುರುತು ಇರುವ ಪಿನ್ನಿಗೆ ಕೊಡಿ, 85 ಅರ್ತಿಗೆ, 30ಕ್ಕೆ ಪ್ಲಸ್, 87ರಿಂದ ಬಲ್ಬುಗಳಿಗೆ. ಒಳಗೆ ಡಯೋಡ್ ಇರುವ ರಿಲೇ ಆದರೆ 85, 86 ಅದಲುಬದಲಾಗಬಾರದು. ಈಗ ಸ್ವಿಚ್ಚಿನಲ್ಲಿ ಹೆಡ್‌ಲೈಟಿಗಾಗಿ ಹರಿಯುವುದು ರಿಲೇ ಒಳಗಿನ ಕಾಯಿಲಿನ ಸುಮಾರು 0.15ರಿಂದ 0.2 ಆಂಪಿಯರ್ ಮಾತ್ರ. ಮುಖ್ಯ ಪ್ಲಸ್‌ಗೆ 4 ಚದರ ಮಿಮೀ ವೈರು, ಅದು ಹೊರಡುವ ಜಾಗದಿಂದ ಒಂದು ಗೇಣಿನೊಳಗೆ 30 ಆಂಪಿಯರ್ ಫ್ಯೂಸು. ರಿಲೇ ದಾಟಿದ ಮೇಲೆ ಪ್ರತಿ ಫಿಲಮೆಂಟಿಗೆ ಪ್ರತ್ಯೇಕ 10 ಆಂಪಿಯರ್ ಫ್ಯೂಸು, ಒಟ್ಟು ನಾಲ್ಕು. ಎರಡೂ ಬದಿಗೆ ಒಂದೇ ಫ್ಯೂಸು ಹಾಕಿದರೆ ಒಂದು ಬದಿ ಶಾರ್ಟ್ ಆದಾಗ ಘಾಟಿಯ ತಿರುವಿನಲ್ಲಿ ಎರಡೂ ದೀಪ ಒಟ್ಟಿಗೆ ಹೋಗುತ್ತವೆ. ರಿಲೇಯ ಪಿನ್‌ಗಳು ಕೆಳಮುಖವಾಗಿರಲಿ, ನೀರು ನಿಲ್ಲುವುದಿಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರವಿರಲಿ.

ಡ್ಯಾಶ್‌ಬೋರ್ಡಿನಲ್ಲಿ ಆಂಪಿಯರ್ ಮೀಟರ್ ಇರುವ ಗಾಡಿಗಳಿಗೆ ರಿಲೇಯ ಪ್ಲಸ್ಸನ್ನು ಬ್ಯಾಟರಿ ಬದಲು ಆಲ್ಟರ್ನೇಟರಿನ ಔಟ್‌ಪುಟ್ ಬೋಲ್ಟಿನಿಂದ ತೆಗೆಯುತ್ತೇನೆ. ಬ್ಯಾಟರಿಯಿಂದ ತೆಗೆದರೆ ಎಂಜಿನ್ ಓಡುವಾಗ ಲೈಟಿನ ಕರೆಂಟೆಲ್ಲ ಆ ಮೀಟರನ್ನು ಹಾದು ಬರಬೇಕು. ಮುಳ್ಳು ಸುಮ್ಮನೆ ಚಾರ್ಜ್ ಕಡೆ ವಾಲುತ್ತದೆ. ಮೀಟರಿನ ಹಿಂದಿನ ಎರಡು ನಟ್ ಸಡಿಲವಿದ್ದರೆ ಅಲ್ಲೇ ಸುಡುತ್ತದೆ, ಅವನ್ನೂ ಬಿಗಿದುಬಿಡಿ.

ಹಳೆಯ ವೈರನ್ನು ಸುಲಿದಾಗ ತಾಮ್ರ ಕಪ್ಪಗೋ ಹಸಿರಾಗಿಯೋ ಇದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ. ಎಳೆಗಳ ನಡುವೆ ನೀರು ಒಳಕ್ಕೆ ಏರಿರುತ್ತದೆ, ಮೇಲಿನ ರಬ್ಬರು ಏನೂ ಹೇಳುವುದಿಲ್ಲ. ಜಾಯಿಂಟಿಗೆ ಬೆಸುಗೆಗಿಂತ ಒಳ್ಳೆಯ ಕ್ರಿಂಪಿಂಗ್ ಟೂಲಿನಿಂದ ಒತ್ತಿದ ಥಿಂಬಲ್ (ವೈರಿನ ತುದಿಗೆ ಹಾಕುವ ಲೋಹದ ತೋಳು) ಮೇಲು. ಬೆಸುಗೆಯ ಸೀಸ ವೈರಿನೊಳಗೆ ಏರಿ ಅಲ್ಲಿ ಗಟ್ಟಿಯಾಗುತ್ತದೆ, ಜೀಪಿನ ಕುಲುಕಾಟಕ್ಕೆ ಸರಿಯಾಗಿ ಅದರ ಅಂಚಿನಲ್ಲೇ ಮುರಿಯುತ್ತದೆ. ಒತ್ತಿದ ಮೇಲೆ ಕೈಯಿಂದ ಜೋರಾಗಿ ಎಳೆದು ನೋಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ. ಟೇಪ್ ಎಂಜಿನ್ ಬಿಸಿಗೆ ಅಂಟಂಟಾಗಿ ಬಿಚ್ಚಿಕೊಳ್ಳುತ್ತದೆ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ (ಫೈರ್‌ವಾಲ್) ತೂತಿನಲ್ಲಿ ರಬ್ಬರ್ ಬಳೆ (ಗ್ರಾಮೆಟ್) ಇಲ್ಲದಿದ್ದರೆ ತಗಡಿನ ಅಂಚು ವೈರನ್ನು ಕೊಯ್ಯುತ್ತದೆ. ಶೆಡ್ಡಿನಲ್ಲಿ ಇಲಿಕಾಟ ಇದ್ದರೆ ಫ್ಲೆಕ್ಸಿಬಲ್ ಪೈಪೊಳಗೆ ವೈರು ಹಾಯಿಸಿ, ಬಾಯಿ ಮುಚ್ಚಿ.

ಎಲ್ಲ ಮುಗಿದ ಮೇಲೆ ಎಂಜಿನ್ ಓಡಿಸಿ, ಹೈ ಬೀಮ್ ಹಾಕಿ, ಬಲ್ಬಿನ ಹೈ ಬೀಮ್ ಪಿನ್ ಮತ್ತು ಅರ್ತ್ ಪಿನ್ ನಡುವೆ ಅಳೆಯಿರಿ. ಆಲ್ಟರ್ನೇಟರ್ 14 ವೋಲ್ಟ್ ಕೊಡುತ್ತಿದ್ದರೆ ಇಲ್ಲಿ 13.4ಕ್ಕಿಂತ ಕಡಿಮೆ ಬರಬಾರದು. ಹತ್ತು ನಿಮಿಷ ಉರಿಸಿ ಸ್ವಿಚ್, ಫ್ಯೂಸ್ ಬಾಕ್ಸ್, ಒಂದೊಂದು ಕನೆಕ್ಟರ್ ಮುಟ್ಟಿ ನೋಡಿ. ಬಿಸಿಯಾದದ್ದನ್ನು ಮತ್ತೆ ಮಾಡಬೇಕು. ಒಂದು ರಿಲೇ, ನಾಲ್ಕು ಫ್ಯೂಸು, ಒಂದು ಬಲ್ಬು ಗಾಡಿಯಲ್ಲೇ ಇರಲಿ.