ಇಂಕ್‌ಜೆಟ್ ಕಾರ್ಟ್ರಿಡ್ಜ್‌ಗೆ ಮನೆಯಲ್ಲೇ ಶಾಯಿ ತುಂಬುವ ವಿಧಾನ

ಕಾರ್ಟ್ರಿಡ್ಜ್ ಪೂರ್ತಿ ಬರಿದಾಗುವವರೆಗೆ ಕಾಯದೆ, ಅಕ್ಷರಗಳು ಮಸುಕಾಗತೊಡಗಿದ ಕೂಡಲೇ ಶಾಯಿ ತುಂಬಬೇಕು. ಏಕೆಂದರೆ ಒಳಗಿನ ಸ್ಪಂಜು ಒಣಗಿದರೆ ಹೊಸ ಶಾಯಿಯನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಕಾಗದದ ಮೇಲೆ ಶಾಯಿ ಸಿಂಪಡಿಸುವ, ಶಾಖದಿಂದ ಕೆಲಸ ಮಾಡುವ ಪ್ರಿಂಟ್ ಹೆಡ್ ಕೂಡ ಶಾಯಿಯಿಲ್ಲದೆ ಕಾದು ಕೆಡಬಹುದು.

ಶಾಯಿಯ ಆಯ್ಕೆಯಲ್ಲಿ ಅವಸರ ಬೇಡ. ದ್ರವದಲ್ಲಿ ಪೂರ್ತಿ ಕರಗಿರುವ ಡೈ ಮತ್ತು ಸೂಕ್ಷ್ಮ ಕಣಗಳು ತೇಲುವ ಪಿಗ್ಮೆಂಟ್ ಎಂಬ ಎರಡು ಬಗೆಗಳಿದ್ದು, ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಶಾಯಿ ಹೊರಬರುವ ಸೂಕ್ಷ್ಮ ನಳಿಕೆಗಳು ಕಟ್ಟಿಕೊಳ್ಳುವ ಸಂಭವವಿದೆ.

ಹಳೆಯ ಕಾಗದ ಹಾಸಿ, ಕೈಗವಸು ಧರಿಸಿ, ಮೇಲಿನ ಲೇಬಲ್ ಬಿಡಿಸಿದರೆ ಸ್ಪಂಜಿರುವ ಕಾರ್ಟ್ರಿಡ್ಜ್‌ಗಳಲ್ಲಿ ಸಾಮಾನ್ಯವಾಗಿ ಸಣ್ಣ ತೂತುಗಳು ಕಾಣುತ್ತವೆ. ಬಣ್ಣದ ಕಾರ್ಟ್ರಿಡ್ಜ್ ಆದರೆ ಪ್ರತಿ ತೂತಿಗೂ ಬೇರೆ ಬೇರೆ ಕಡ್ಡಿ ಇಳಿಸಿ ಯಾವ ಬಣ್ಣವೆಂದು ಖಚಿತಪಡಿಸಿಕೊಳ್ಳಿ; ಬೆರೆತ ಬಣ್ಣವನ್ನು ಮತ್ತೆ ಬೇರ್ಪಡಿಸಲಾಗದು. ಪ್ರತಿ ಬಣ್ಣಕ್ಕೂ ಪ್ರತ್ಯೇಕ ಸಿರಿಂಜ್ ಬಳಸಿ, ಸೂಜಿಯನ್ನು ಸ್ಪಂಜಿನೊಳಗೆ ಇಳಿಸಿ, ಒಂದೊಂದೇ ಮಿಲಿಲೀಟರ್‌ನಂತೆ ನಿಧಾನವಾಗಿ ಒತ್ತಿ. ವೇಗವಾಗಿ ಒತ್ತಿದರೆ ಗಾಳಿಗುಳ್ಳೆ ಸಿಕ್ಕಿಕೊಂಡು ಮುದ್ರಣದಲ್ಲಿ ಬಿಳಿ ಗೆರೆಗಳು ಮೂಡುತ್ತವೆ. ತಾಳ್ಮೆ ಬೇಕಾದದ್ದು ಇಲ್ಲಿಯೇ. ತೂತಿನ ಬಾಯಲ್ಲಿ ಶಾಯಿ ಕಂಡೊಡನೆ ನಿಲ್ಲಿಸಿ, ಉಕ್ಕಿದ್ದನ್ನು ಸಿರಿಂಜಿನಿಂದಲೇ ಹಿಂದಕ್ಕೆ ಎಳೆದುಕೊಳ್ಳಿ.

ಬಳಿಕ ನಳಿಕೆಯ ಭಾಗವನ್ನು ಮಡಚಿದ ಟಿಶ್ಯೂ ಮೇಲೆ ಉಜ್ಜದೆ ಒತ್ತಿ ಹಿಡಿಯಿರಿ. ತಾಮ್ರದ ಸಂಪರ್ಕಗಳನ್ನು ಬೆರಳಿನಿಂದ ಮುಟ್ಟಬೇಡಿ. ಲೇಬಲ್ ಮರಳಿ ಅಂಟಿಸುವಾಗ ಗಾಳಿಯಾಡುವ ದಾರಿ ಮುಚ್ಚದಿರಲಿ, ಮುಚ್ಚಿದರೆ ಶಾಯಿ ಕೆಳಗಿಳಿಯುವುದಿಲ್ಲ.

ಪ್ರಿಂಟರ್‌ಗೆ ಹಾಕಿದ ಮೇಲೆ ನಳಿಕೆಗಳನ್ನು ಶುಚಿಗೊಳಿಸುವ ಪ್ರಿಂಟರ್‌ನ ‘ಹೆಡ್ ಕ್ಲೀನಿಂಗ್’ ಆಯ್ಕೆಯನ್ನು ಒಮ್ಮೆ ನಡೆಸಿ, ಪರೀಕ್ಷಾ ಪುಟ ಮುದ್ರಿಸಿ. ಶಾಯಿ ತುಂಬಿದ್ದರೂ ಕೆಲವು ಪ್ರಿಂಟರ್‌ಗಳು ಖಾಲಿ ಎಂದೇ ತೋರಿಸುತ್ತವೆ, ಏಕೆಂದರೆ ಅವು ಶಾಯಿಯನ್ನು ಅಳೆಯದೆ ಸಿಂಪಡಿಸಿದ ಹನಿಗಳ ಲೆಕ್ಕವನ್ನಷ್ಟೇ ಇಟ್ಟಿರುತ್ತವೆ.